ಧ್ರುವ ತಗ್ಗಿನಲ್ಲಿದ್ದರೇನು, ತೆಂಕಣ ಬಾನು ನಮ್ಮದು

ಕ್ಯಾಮೆರಾವನ್ನು ಟ್ರೈಪಾಡಿನ ಮೇಲೆ ಕೂರಿಸಿ, 50 ಮಿ.ಮೀ. ಲೆನ್ಸನ್ನು ಮಹಾವ್ಯಾಧನ ಕಡೆ ತಿರುಗಿಸಿ, ಶಟರನ್ನು ಅರ್ಧ ನಿಮಿಷ ತೆರೆದಿಟ್ಟರೆ ಚಿತ್ರದ ತುಂಬ ಪುಟ್ಟ ಪುಟ್ಟ ಗೀರುಗಳು ಮೂಡುತ್ತವೆ. ಭೂಮಿ 23 ಗಂಟೆ 56 ನಿಮಿಷ 4 ಸೆಕೆಂಡಿಗೊಮ್ಮೆ ತನ್ನ ಸುತ್ತ ತಾನು ತಿರುಗುವುದರಿಂದ ಬಾನು ಪ್ರತಿ ಸೆಕೆಂಡಿಗೆ ಸುಮಾರು 15 ವಿಕಲೆ ಸರಿಯುತ್ತದೆ. ಒಂದು ಡಿಗ್ರಿಯನ್ನು 3600 ಪಾಲು ಮಾಡಿದರೆ ಅದರಲ್ಲೊಂದು ಪಾಲೇ ವಿಕಲೆ. ಕೇಳಲು ಅಲ್ಪವೆನಿಸುತ್ತದೆ. ಆದರೆ 4 ಮೈಕ್ರಾನ್ ಅಗಲದ ಪಿಕ್ಸೆಲ್ ಇರುವ ಕ್ಯಾಮೆರಾಗೆ 50 ಮಿ.ಮೀ. ಲೆನ್ಸ್ ಹಾಕಿದಾಗ ಒಂದು ಪಿಕ್ಸೆಲ್ ನೋಡುವುದು ಬಾನಿನ 16 ವಿಕಲೆಯಷ್ಟು ಜಾಗವನ್ನು ಮಾತ್ರ. ಸೆಕೆಂಡ್ ಕಳೆಯುವಷ್ಟರಲ್ಲಿ ನಕ್ಷತ್ರ ಪಕ್ಕದ ಪಿಕ್ಸೆಲಿಗೆ ಕಾಲಿಟ್ಟಿರುತ್ತದೆ. 135 ಮಿ.ಮೀ. ಲೆನ್ಸಿನಲ್ಲಿ ಅದಕ್ಕೆ ಅರ್ಧ ಸೆಕೆಂಡೂ ಬೇಕಿಲ್ಲ.

500ನ್ನು ಲೆನ್ಸಿನ ಫೋಕಲ್ ಲೆಂತಿನಿಂದ ಭಾಗಿಸಿ, ಬಂದಷ್ಟು ಸೆಕೆಂಡ್ ಮಾತ್ರ ಶಟರ್ ತೆರೆಯಿರಿ ಎಂಬ ಲೆಕ್ಕ ಛಾಯಾಗ್ರಾಹಕರಲ್ಲಿ ಬಳಕೆಯಲ್ಲಿದೆ. ಮೊಬೈಲ್ ಪರದೆಯಲ್ಲಿ ನೋಡುವ ಚಿತ್ರಕ್ಕೆ ಅದು ಸಾಕು. ನೀಹಾರಿಕೆಯ ಮಂದ ಬೆಳಕಿಗೆ ಹತ್ತು ಸೆಕೆಂಡ್ ಏನೇನೂ ಸಾಲದು. 1880ರ ಸೆಪ್ಟೆಂಬರ್ 30ರಂದು ಅಮೆರಿಕದ ಹೆನ್ರಿ ಡ್ರೇಪರ್ ಮಹಾವ್ಯಾಧ ನೀಹಾರಿಕೆಯ ಮೊಟ್ಟಮೊದಲ ಫೋಟೊ ತೆಗೆದಾಗ 51 ನಿಮಿಷ ಬೆಳಕು ಬಿಡಬೇಕಾಯಿತು. ಅಷ್ಟು ಹೊತ್ತೂ ಅವರ ದೂರದರ್ಶಕ ಬಾನಿನ ಜೊತೆಜೊತೆಗೇ ತಿರುಗುತ್ತಿತ್ತು.

ಅದೇ ಕೆಲಸವನ್ನು ಈಗ ಬೆನ್ನುಚೀಲದಲ್ಲಿ ಹಿಡಿಸುವ ಪೆಟ್ಟಿಗೆಯೊಂದು ಮಾಡುತ್ತದೆ. ಸ್ಟಾರ್ ಟ್ರ್ಯಾಕರ್ ಎನ್ನುವ ಈ ಉಪಕರಣದೊಳಗೆ ಮೋಟಾರು ಮತ್ತು ಹಲ್ಲುಚಕ್ರಗಳಿವೆ. ಕ್ಯಾಮೆರಾ ಕೂತ ಅಕ್ಷವನ್ನು ಅದು ಭೂಮಿಯ ವೇಗದಲ್ಲೇ, ಭೂಮಿಗೆ ಎದುರು ದಿಕ್ಕಿನಲ್ಲಿ ತಿರುಗಿಸುತ್ತದೆ. ಇದನ್ನು ಮನೆಯಲ್ಲೇ ಮಾಡಿಕೊಳ್ಳುವ ದಾರಿಯೂ ಉಂಟು. 1975ರಲ್ಲಿ ಸ್ಕಾಟ್ಲೆಂಡಿನ ಜಾರ್ಜ್ ಹೇಗ್ ಅವರು 'ಸ್ಕೈ ಅಂಡ್ ಟೆಲಿಸ್ಕೋಪ್' ಪತ್ರಿಕೆಯಲ್ಲಿ ವಿವರಿಸಿದ ಉಪಾಯವಿದು: ಎರಡು ಹಲಗೆಗಳನ್ನು ಬಾಗಿಲ ಕೀಲಿನಿಂದ ಜೋಡಿಸಿ, ತಿರುಪು ಮೊಳೆಯೊಂದನ್ನು ತಿರುಗಿಸುತ್ತ ಮೇಲಿನ ಹಲಗೆಯನ್ನು ನಿಧಾನವಾಗಿ ಎತ್ತುವುದು. ಸುತ್ತಿಗೆ ಒಂದು ಮಿ.ಮೀ. ಮೇಲೇರುವ ಮೊಳೆಯನ್ನು ಕೀಲಿನಿಂದ 228.6 ಮಿ.ಮೀ. ದೂರದಲ್ಲಿ ಹಾಕಿ ನಿಮಿಷಕ್ಕೊಂದು ಸುತ್ತು ಕೊಟ್ಟರೆ ಹಲಗೆ ನಕ್ಷತ್ರಗಳ ವೇಗದಲ್ಲೇ ತೆರೆಯುತ್ತದೆ. ಆ 228.6 ಎಲ್ಲಿಂದ ಬಂತು? ಭೂಮಿಯ ಒಂದು ಸುತ್ತಿನ 1436 ನಿಮಿಷಗಳನ್ನು ಪೈನ ಎರಡರಷ್ಟರಿಂದ ಭಾಗಿಸಿ ನೋಡಿ. ಗ್ರಹವೊಂದರ ತಿರುಗಾಟ ಬಡಗಿಯ ಅಳತೆಪಟ್ಟಿಗೆ ಇಷ್ಟು ಚೊಕ್ಕವಾಗಿ ಇಳಿಯುವುದನ್ನು ನೆನೆದರೆ ನನಗೆ ಇಂದಿಗೂ ಹಿಗ್ಗು.

ಕೊಂಡ ಟ್ರ್ಯಾಕರ್ ಆಗಲಿ, ಹಲಗೆಯದಾಗಲಿ, ಅದರ ಅಕ್ಷ ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿ ನಿಲ್ಲಲೇಬೇಕು. ಉಳಿದ ಎಷ್ಟನ್ನೋ ಆಮೇಲೆ ತಿದ್ದಬಹುದು, ಇದನ್ನು ತಿದ್ದಲಾಗದು. ಈ ಕೆಲಸದ ಕಷ್ಟ ನಮ್ಮ ನಾಡಿನಲ್ಲಿ ಎದುರಾಗುವುದೂ ಇಲ್ಲೇ. ಬಾನಿನ ಉತ್ತರ ಧ್ರುವ ದಿಗಂತದಿಂದ ಎಷ್ಟು ಮೇಲಿರುತ್ತದೆ ಎಂಬುದು ಊರಿನ ಅಕ್ಷಾಂಶಕ್ಕೆ ಸಮ. ಲಂಡನ್ನಿನಲ್ಲಿ ಅದು 51 ಡಿಗ್ರಿಗೂ ಮೇಲೆ, ಬೀದರಿನಲ್ಲಿ 18ರ ಹತ್ತಿರ, ಬೆಂಗಳೂರಿನಲ್ಲಿ ಬರೀ 13. ಅಷ್ಟು ತಗ್ಗಿನ ನಕ್ಷತ್ರದ ಬೆಳಕು ನೆತ್ತಿಯ ಮೇಲಿನದಕ್ಕಿಂತ ನಾಲ್ಕು ಪಟ್ಟಿಗೂ ಹೆಚ್ಚು ಗಾಳಿಯನ್ನು ಸೀಳಿಕೊಂಡು ಬರಬೇಕು. ಧೂಳು, ಮಬ್ಬು, ಪಕ್ಕದ ಊರಿನ ದೀಪಗಳ ಹೊಳಪು ಎಲ್ಲವೂ ಅಲ್ಲೇ ಸೇರಿರುತ್ತವೆ. ಮಲೆನಾಡಿನಲ್ಲಾದರೆ ಉತ್ತರಕ್ಕೊಂದು ಗುಡ್ಡ ಅಡ್ಡ ಬಂದರೂ ಮುಗಿಯಿತು. ಹಾಗಾಗಿ ಜಾಗ ಹುಡುಕುವಾಗ ಕತ್ತಲನ್ನು ನೋಡಿದಷ್ಟೇ ಮುತುವರ್ಜಿಯಿಂದ ಉತ್ತರ ದಿಕ್ಕು ತೆರೆದಿದೆಯೇ ಎಂದೂ ನೋಡಬೇಕು.

ಟ್ರ್ಯಾಕರಿನ ಪೋಲಾರ್ ಸ್ಕೋಪ್ ಎಂಬ ಪುಟ್ಟ ದೂರದರ್ಶಕದಲ್ಲಿ ಕಣ್ಣಿಟ್ಟರೆ ಗಡಿಯಾರದ ಮುಖದಂಥ ವೃತ್ತ ಕಾಣುತ್ತದೆ. ಧ್ರುವ ನಕ್ಷತ್ರ ನಿಜವಾದ ಧ್ರುವದಿಂದ 0.6 ಡಿಗ್ರಿಗೂ ತುಸು ಹೆಚ್ಚು ದೂರದಲ್ಲಿದ್ದು, ಅದರ ಸುತ್ತ ದಿನಕ್ಕೊಂದು ಪ್ರದಕ್ಷಿಣೆ ಹಾಕುತ್ತದೆ. ಈ ಹೊತ್ತಿನಲ್ಲಿ ಅದು ವೃತ್ತದ ಯಾವ ಗಂಟೆಯ ಮೇಲಿರಬೇಕು ಎಂಬುದನ್ನು ಮೊಬೈಲಿನ ಆಪ್ ಹೇಳುತ್ತದೆ. ಟ್ರೈಪಾಡಿನ ಒಂದು ಕಾಲನ್ನು ಉತ್ತರಕ್ಕೆ ಇಟ್ಟು, ಎರಡು ತಿರುಪುಗಳನ್ನು ಅಷ್ಟಷ್ಟೇ ತಿರುವುತ್ತ ನಕ್ಷತ್ರವನ್ನು ಆ ಜಾಗಕ್ಕೆ ತರಬೇಕು. ಒಂದು ಕಾಲು ಉತ್ತರಕ್ಕಿರಬೇಕೆನ್ನಲು ಕಾರಣವಿದೆ: ನಮ್ಮ ಅಕ್ಷಾಂಶದಲ್ಲಿ ಟ್ರ್ಯಾಕರಿನ ಅಕ್ಷ ಹೆಚ್ಚುಕಡಿಮೆ ಅಡ್ಡಡ್ಡ ಮಲಗುವುದರಿಂದ ಕ್ಯಾಮೆರಾದ ಭಾರ ಆ ಕಡೆಗೇ ವಾಲುತ್ತದೆ.

ಎಷ್ಟು ನಿಖರವಾಗಿರಬೇಕು? ಅಕ್ಷ ಒಂದು ಡಿಗ್ರಿ ತಪ್ಪಿದರೆ ನಿಮಿಷಕ್ಕೆ ಹೆಚ್ಚೆಂದರೆ 16 ವಿಕಲೆಯಷ್ಟು ಜಾರಾಟ. ಮೊದಲು ಹೇಳಿದ 50 ಮಿ.ಮೀ. ಲೆನ್ಸಿಗೆ ಅದು ಒಂದೇ ಪಿಕ್ಸೆಲ್, ಚಿತ್ರ ಕೆಡುವುದಿಲ್ಲ. 135 ಮಿ.ಮೀ. ಲೆನ್ಸಿನಲ್ಲಿ ಎರಡೂವರೆ ಪಿಕ್ಸೆಲ್ ಆಗಿ ನಕ್ಷತ್ರಗಳು ಅಕ್ಕಿಕಾಳಿನಂತೆ ಉದ್ದವಾಗುತ್ತವೆ. ಅದಕ್ಕೇ ಹೊಸಬರು ಮೊದಲ ಚಳಿಗಾಲವನ್ನು 50 ಮಿ.ಮೀ.ಯಲ್ಲೇ ಕಳೆಯುವುದು ಒಳ್ಳೆಯದೆಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಅದರಲ್ಲಿ ಟ್ರ್ಯಾಕರಿನ ಅಕ್ಷವನ್ನು ಧ್ರುವ ನಕ್ಷತ್ರಕ್ಕೆ ನೇರವಾಗಿ ಗುರಿಯಿಟ್ಟರೂ ಒಂದು ನಿಮಿಷದ ಚಿತ್ರ ಚೆನ್ನಾಗಿ ಬರುತ್ತದೆ.

ಫೋಕಸ್ ವಿಚಾರದಲ್ಲಿ ಲೆನ್ಸಿನ ಮೇಲಿನ ಅನಂತದ ಗುರುತನ್ನು ನಂಬಬಾರದು. ಆಟೋಫೋಕಸ್ ಆರಿಸಿ, ಪರದೆಯಲ್ಲಿ ಲುಬ್ಧಕದಂಥ ಹೊಳೆಯುವ ನಕ್ಷತ್ರವನ್ನು ಹಿಗ್ಗಿಸಿ, ಅದು ಅತಿ ಸಣ್ಣ ಚುಕ್ಕೆಯಾಗುವ ಜಾಗ ಸಿಕ್ಕಿದ ಮೇಲೆ ರಿಂಗಿಗೆ ಟೇಪು ಅಂಟಿಸಬೇಕು. ಬೆಳದಿಂಗಳಿಲ್ಲದ ರಾತ್ರಿಗಳಿಗಾಗಿ ಗೋಡೆ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆಯ ಆಚೀಚಿನ ದಿನಗಳನ್ನು ಗುರುತು ಹಾಕಿಟ್ಟುಕೊಳ್ಳಿ. ಡಿಸೆಂಬರ್, ಜನವರಿಯಲ್ಲಿ ಬೆಳಗಿನ ಜಾವ ಲೆನ್ಸಿನ ಮೇಲೆ ಇಬ್ಬನಿ ಕೂರುತ್ತದೆ, ಪವರ್ ಬ್ಯಾಂಕಿನಿಂದ ಬಿಸಿಯಾಗುವ ಪಟ್ಟಿಯೊಂದನ್ನು ಸುತ್ತಿದರೆ ಸಾಕು.

ಒಂದೇ ದೀರ್ಘ ಚಿತ್ರಕ್ಕಿಂತ ಹಲವು ಚಿತ್ರಗಳ ರಾಶಿ ಲೇಸು. ನಿಮಿಷದ ಚಿತ್ರಗಳನ್ನು ಅರುವತ್ತನಾಲ್ಕು ತೆಗೆದು ಸರಾಸರಿ ಮಾಡಿದರೆ ನೀಹಾರಿಕೆಯ ಬೆಳಕು ಹಾಗೆಯೇ ಉಳಿಯುತ್ತದೆ, ಚಿತ್ರದ ಮೇಲಿನ ಗದ್ದಲ ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ಚಿತ್ರಗಳ ಸಂಖ್ಯೆಯ ವರ್ಗಮೂಲದಷ್ಟು ಲಾಭ. ಸಿರಿಲ್, ಡೀಪ್‌ಸ್ಕೈಸ್ಟ್ಯಾಕರ್ ಎಂಬ ತಂತ್ರಾಂಶಗಳು ಈ ಕೆಲಸವನ್ನು ಪುಕ್ಕಟೆಯಾಗಿ ಮಾಡಿಕೊಡುತ್ತವೆ.

ಧ್ರುವ ತಗ್ಗಿನಲ್ಲಿರುವ ಊರಿಗೆ ದಕ್ಷಿಣದ ಬಾನು ತೆರೆದಿರುತ್ತದೆ. ಕ್ಷೀರಪಥದ ನಡುಭಾಗವಿರುವ ಧನು ರಾಶಿಯ ದಿಕ್ಕು ಲಂಡನ್ನಿನಲ್ಲಿ ಹತ್ತು ಡಿಗ್ರಿಯಷ್ಟೂ ಮೇಲೇರುವುದಿಲ್ಲ, ಬೆಂಗಳೂರಿನ ಬಾನಿನಲ್ಲಿ 48 ಡಿಗ್ರಿ ಏರುತ್ತದೆ. ಒಮೇಗಾ ಸೆಂಟಾರಿ ಎಂಬ ಮಹಾ ನಕ್ಷತ್ರಗುಚ್ಛ ಲಂಡನ್ನಿನಲ್ಲಿ ಹುಟ್ಟುವುದೇ ಇಲ್ಲ. ಇಂಗ್ಲೆಂಡಿನ ಎಡ್ಮಂಡ್ ಹ್ಯಾಲಿ ಅದನ್ನು ಗುರುತಿಸಿದ್ದು 1677ರಲ್ಲಿ, ದಕ್ಷಿಣ ಅಟ್ಲಾಂಟಿಕ್‌ನ ಸೇಂಟ್ ಹೆಲೆನಾ ದ್ವೀಪದಲ್ಲಿದ್ದಾಗ. ನಮಗೆ ಏಪ್ರಿಲ್ ಕೊನೆಯ ರಾತ್ರಿಗಳಲ್ಲಿ ಹನ್ನೊಂದರ ಸುಮಾರಿಗೆ ಅದು ತೆಂಕಣ ದಿಕ್ಕಿನಲ್ಲಿ 30 ಡಿಗ್ರಿ ಮೇಲಿರುತ್ತದೆ. ಹತ್ತಾರು ಲಕ್ಷ ನಕ್ಷತ್ರಗಳ ಈ ಗುಚ್ಛ 135 ಮಿ.ಮೀ. ಲೆನ್ಸಿಗೂ ಚೆನ್ನಾಗಿ ಸಿಗುತ್ತದೆ. ಮಾರ್ಚ್ ಕೊನೆಯಲ್ಲಿ ಅದೇ ಹೊತ್ತಿಗೆ ಕರೀನಾ ನೀಹಾರಿಕೆ 17 ಡಿಗ್ರಿ ಎತ್ತರದಲ್ಲಿರುತ್ತದೆ. ಅದರ ಕೆಂಪು ಹೈಡ್ರೋಜನ್ನಿನ 656 ನ್ಯಾನೋಮೀಟರ್ ಬೆಳಕು. ಮಾಮೂಲಿ ಕ್ಯಾಮೆರಾದೊಳಗಿನ ಫಿಲ್ಟರ್ ಈ ಕೆಂಪಿನ ಬಹುಪಾಲನ್ನು ತಡೆಯುತ್ತದೆ, ಆದ್ದರಿಂದ ಕರೀನಾಗೆ ಹೆಚ್ಚು ಚಿತ್ರಗಳು ಬೇಕು. ತಗ್ಗಿನ ಮಬ್ಬೂ ಅಡ್ಡ ಬರುವುದರಿಂದ, ಮಳೆ ಬಿದ್ದು ಗಾಳಿ ತೊಳೆದಂತಿರುವ ಬೇಸಿಗೆಯ ರಾತ್ರಿ ಸಿಕ್ಕರೆ ಮೊದಲ ಗುರಿ ಅದೇ ಆಗಿರಲಿ. ನಡುರಾತ್ರಿ ಕಳೆದಂತೆ ಅದು ಪಡುವಣಕ್ಕೆ ವಾಲುತ್ತದೆ, ಒಮೇಗಾ ಸೆಂಟಾರಿ ಮಾತ್ರ ಇನ್ನೂ ಮೇಲಿರುತ್ತದೆ.