ಅಸೂಟಿಗೆ ಎಷ್ಟು ಅಕ್ಷರ?

ರೋಣ ತಾಲ್ಲೂಕಿನ ಅಸೂಟಿಯ ಹೆಸರನ್ನು ಕಾಗದದ ಮೇಲೆ ಬರೆದರೆ ಅ, ಸೂ, ಟಿ ಎಂದು ಮೂರೇ ಅಕ್ಷರ. ಕಂಪ್ಯೂಟರ್ ಇದೇ ಹೆಸರನ್ನು ಐದು ಸಂಕೇತಗಳಾಗಿ ಇಟ್ಟುಕೊಳ್ಳುತ್ತದೆ: ಅ, ಸ, ಕೊಂಬಿನ ಇಳಿ, ಟ, ಗುಡಿಸು. ಯೂನಿಕೋಡ್ ಕನ್ನಡಕ್ಕೆ ಮೀಸಲಿಟ್ಟ 128 ಸ್ಥಾನಗಳಲ್ಲಿ ಇವಕ್ಕೆಲ್ಲ ಒಂದೊಂದು ಅಂಕಿ ಇದೆ. ಜಾಲತಾಣಗಳಲ್ಲಿ ಬಳಕೆಯಲ್ಲಿರುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್ ಬೇಕು, ಹಾಗಾಗಿ ಅಸೂಟಿ 15 ಬೈಟ್ ಆಗುತ್ತದೆ. ಅದೇ ಹೆಸರು ಪುಟದ ವಿಳಾಸದೊಳಗೆ ಹೋದಾಗ ಒಂದೊಂದು ಬೈಟ್ ಶೇಕಡಾ ಚಿಹ್ನೆಯೊಂದಿಗೆ ಮೂರು ಅಕ್ಷರವಾಗಿ ಬಿಡಿಸಿಕೊಂಡು 45ಕ್ಕೆ ಏರುತ್ತದೆ. ಮೂರು, ಐದು, ಹದಿನೈದು, ನಲವತ್ತೈದು: ನಾಲ್ಕೂ ಸರಿಯಾದ ಲೆಕ್ಕಗಳೇ. ಜಾಲತಾಣದಲ್ಲಿ ಕನ್ನಡ ಒಡೆದು ಕಂಡಾಗಲೆಲ್ಲ ನಮ್ಮ ಲಿಪಿಯೇ ಕಂಪ್ಯೂಟರಿಗೆ ಒಗ್ಗದು ಎಂದು ಕೈಚೆಲ್ಲುವವರಿದ್ದಾರೆ. ತಪ್ಪು ಲಿಪಿಯದ್ದಲ್ಲ. ಎಲ್ಲೋ ಒಂದು ಕಡೆ ಒಂದು ಲೆಕ್ಕದ ಜಾಗದಲ್ಲಿ ಇನ್ನೊಂದು ಲೆಕ್ಕ ಕೂತಿರುತ್ತದೆ, ಅಥವಾ ಇಂಗ್ಲಿಷಿನ ಅಳತೆಗೆ ಹೊಲಿದ ಅಂಗಿಯನ್ನು ಕನ್ನಡಕ್ಕೆ ತೊಡಿಸಿರುತ್ತಾರೆ. ಅದು ಎಲ್ಲಿ ಎಂಬುದನ್ನು ಪರದೆಯ ಮೇಲಿನ ಲಕ್ಷಣಗಳಿಂದಲೇ ಬಹುಮಟ್ಟಿಗೆ ಹೇಳಬಹುದು.

ಪುಟದ ತುಂಬ ಅರ್ಥವಿಲ್ಲದ ಚಿಹ್ನೆಗಳು ಬಂದಿವೆ ಎನ್ನಿ. ಹಾಗೆ ಕಾಣುವುದರಲ್ಲೂ ಎರಡು ಬಗೆಗಳಿವೆ. ‘ಕನ್ನಡ’ ಎಂದಿರಬೇಕಾದ ಕಡೆ ರೋಮನ್ ಅಕ್ಷರಗಳ ನಡುವೆ ಪೌಂಡ್ ನಾಣ್ಯದ ಚಿಹ್ನೆ ಕಂಡರೆ ಅದು ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಪಠ್ಯ. ಆ ಫಾಂಟುಗಳು ರೋಮನ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದವು; ಫಾಂಟ್ ಇಲ್ಲದ ಕಡೆ ಒಳಗಿನ ರೋಮನ್ ಹೊರಬೀಳುತ್ತದೆ. ಆ ಕಾಲದಲ್ಲಿ ಕನ್ನಡ ಬೆರಳಚ್ಚನ್ನು ಮನೆಮನೆಗೆ ತಲುಪಿಸಿದ್ದು ಇವೇ, ಆ ಋಣ ದೊಡ್ಡದು. ಆದರೆ ಆ ಪಠ್ಯವನ್ನು ಪರಿವರ್ತಕದಲ್ಲಿ ಹಾಯಿಸಿ ಯೂನಿಕೋಡ್ ಮಾಡದೆ, ತಾಣದ ರೂಪವನ್ನು ನಿರ್ಧರಿಸುವ ಥೀಮ್ ಅನ್ನು ಎಷ್ಟು ಬದಲಿಸಿದರೂ ಫಲವಿಲ್ಲ. ಎರಡನೆಯ ಬಗೆಯಲ್ಲಿ ‘ಕನ್ನಡ’ ಎಂಬ ಪದದ ಜಾಗದಲ್ಲಿ ಪೌಂಡ್ ಇರುವುದಿಲ್ಲ. ತಲೆಯ ಮೇಲೆ ಓರೆಗೆರೆಯ ರೋಮನ್ ‘ಎ’, ಅದರ ಪಕ್ಕ ಮೇಲಕ್ಕೇರಿದ ಸಣ್ಣ 2 ಅಥವಾ 3, ಇವೇ ಮತ್ತೆ ಮತ್ತೆ ಬರುತ್ತವೆ. ಇದು ಅಪ್ಪಟ ಯೂನಿಕೋಡ್ ಕನ್ನಡವೇ. ಮೂರು ಬೈಟನ್ನು ಒಂದು ಅಕ್ಷರವೆಂದು ಓದುವ ಬದಲು ಮೂರು ಬಿಡಿ ಅಕ್ಷರಗಳೆಂದು ಓದಲಾಗಿದೆ. ಕನ್ನಡದ ಎಲ್ಲ ಸಂಕೇತಗಳ ಮೊದಲೆರಡು ಬೈಟ್‌ಗಳಲ್ಲಿ ಎರಡೇ ಜೋಡಿಗಳಿರುವುದರಿಂದ ಅದೇ ಚಿಹ್ನೆಗಳು ಮರುಕಳಿಸುತ್ತವೆ. ಹಾಗೆ ತಪ್ಪಾಗಿ ಓದಿದ್ದನ್ನೇ ಯಾರೂ ಮತ್ತೆ ಉಳಿಸಿರದಿದ್ದರೆ ಬರಹ ಒಂದಿನಿತೂ ಕೆಟ್ಟಿಲ್ಲ, ಓದುವ ಪದ್ಧತಿಯನ್ನು ಯುಟಿಎಫ್-8 ಎಂದು ತಿದ್ದಿದರೆ ಸಾಕು. ಇನ್ನು ಬರೀ ಖಾಲಿ ಚೌಕಗಳು ಕಂಡರೆ, ಆ ಯಂತ್ರದಲ್ಲಿ ಕನ್ನಡ ಫಾಂಟ್ ಇಲ್ಲ ಎಂದಷ್ಟೇ ಅರ್ಥ.

ಹೆಚ್ಚು ತಲೆ ತಿನ್ನುವುದು ಅರ್ಧ ಸರಿಯಿರುವ ಪುಟ. ಲೇಖನವನ್ನು ತೆರೆದರೆ ಕನ್ನಡ ಸುಂದರವಾಗಿದೆ, ಮುಖಪುಟದ ಪಟ್ಟಿಯಲ್ಲಿ ಮಾತ್ರ ಅದೇ ಶೀರ್ಷಿಕೆಯ ಕೊನೆಗೆ ಪ್ರಶ್ನಾರ್ಥಕ ಚಿಹ್ನೆಯ ಕಪ್ಪು ವಜ್ರ. ಇದು ಬಹಳ ಬೆಲೆಯುಳ್ಳ ಸಾಕ್ಷ್ಯ. ಉಳಿಸಿಟ್ಟ ಬರಹ ಒಂದೇ ಆಗಿದ್ದು ಒಂದು ಕಡೆ ಸರಿಯಾಗಿ ಕಾಣುತ್ತಿದೆ ಎಂದಮೇಲೆ ಬರಹ ಸರಿಯಿದೆ, ದೋಷ ಪಟ್ಟಿಯನ್ನು ಕಟ್ಟುವ ಥೀಮ್‌ನ ಭಾಗದಲ್ಲಿದೆ. ಶೀರ್ಷಿಕೆಯನ್ನು ಚಿಕ್ಕದಾಗಿಸಲು ಥೀಮ್ 20 ಬೈಟಿಗೆ ಕತ್ತರಿಸುತ್ತದೆ ಎನ್ನಿ. ಇಂಗ್ಲಿಷಿಗೆ ಬೈಟ್ ಎಂದರೆ ಅಕ್ಷರ, ತೊಂದರೆಯಿಲ್ಲ. ‘ಗಜೇಂದ್ರಗಡ’ಕ್ಕೆ ಒಂಬತ್ತು ಸಂಕೇತ, 27 ಬೈಟ್. ಕತ್ತರಿ ಆರು ಸಂಕೇತ ದಾಟಿ ಏಳನೆಯದರ ಹೊಟ್ಟೆಯಲ್ಲಿ ಬೀಳುತ್ತದೆ. ‘ಗಜೇಂದ್’ ಎಂದು ನಿಂತು, ರಕಾರದ ಮುರುಕು ಎರಡು ಬೈಟ್ ಕಪ್ಪು ವಜ್ರವಾಗುತ್ತದೆ. ತಾಣ ಕಟ್ಟಲು ಬಳಸುವ ವರ್ಡ್‌ಪ್ರೆಸ್ಸಿನಂಥ ವ್ಯವಸ್ಥೆಯಲ್ಲಿ ಸ್ಥಿರ ಪುಟಕ್ಕೂ ದಿನದಿನದ ಪೋಸ್ಟಿಗೂ ಪಟ್ಟಿಗೂ ಥೀಮ್ ಬೇರೆ ಬೇರೆ ಅಚ್ಚುಗಳನ್ನು ಇಟ್ಟುಕೊಳ್ಳಬಹುದಾದ್ದರಿಂದ, ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದ ದೋಷ ತನ್ನ ವಿಳಾಸವನ್ನು ತಾನೇ ಹೇಳುತ್ತದೆ. ಅನುಮಾನ ಉಳಿದರೆ ತಾಣದ ಒಂದು ನಕಲಿನಲ್ಲಿ ಕೆಲಹೊತ್ತು ಡೀಫಾಲ್ಟ್ ಥೀಮ್ ಹಾಕಿ ನೋಡಬೇಕು. ದೋಷ ಮಾಯವಾದರೆ ಥೀಮ್. ಉಳಿದರೆ ಪ್ಲಗಿನ್ ಅಥವಾ ಡೇಟಾಬೇಸ್.

ಒತ್ತಕ್ಷರದ ಕಾಲು ಕತ್ತರಿಸಿಹೋಗುವುದು ಇನ್ನೊಂದು ನಿತ್ಯದ ದೂರು. ಇಲ್ಲಿ ಎಣಿಕೆಯ ತಪ್ಪಿಲ್ಲ, ಜಾಗದ ತಪ್ಪು. ರೋಮನ್ ದೊಡ್ಡಕ್ಷರಗಳು ಬಹುಪಾಲು ಗೆರೆಯ ಮೇಲೆಯೇ ನಿಲ್ಲುತ್ತವೆ. ಕನ್ನಡದ ಒತ್ತು ಗೆರೆಯ ಕೆಳಗೆ ಇಳಿಯುತ್ತದೆ. ಶೀರ್ಷಿಕೆಯ ಸಾಲಿನ ಎತ್ತರವನ್ನು (ಲೈನ್-ಹೈಟ್) ಅಕ್ಷರದ ಅಳತೆಯ 1.2 ಪಟ್ಟು ಇಟ್ಟು, ಚೌಕಟ್ಟಿನ ಹೊರಗೆ ಹೋದದ್ದನ್ನೆಲ್ಲ ಮರೆಮಾಡು ಎಂದು ಥೀಮ್ ಹೇಳಿದ್ದರೆ ಗಜೇಂದ್ರಗಡದ ರಾವತ್ತು ಅರ್ಧಕ್ಕೆ ಮಾಯ. ಗಜೇಂದ್ರಗಡದ ಹತ್ತಿರದ ಸೂಡಿಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಕನ್ನಡ ಶಾಸನಗಳಿವೆ. ಕಲ್ಲಿನಲ್ಲಿ ಜಾಗ ಎಷ್ಟೇ ಅಮೂಲ್ಯವಾಗಿದ್ದರೂ ಒತ್ತನ್ನು ಅಕ್ಷರದ ಕೆಳಗೇ ಕೊರೆಯಬೇಕು, ಅದಕ್ಕೆ ಎಡೆ ಬಿಡಬೇಕು. ಸಾವಿರ ವರ್ಷದ ಹಿಂದಿನ ಶಿಲ್ಪಿಗೆ ಗೊತ್ತಿದ್ದ ಈ ಅಳತೆ ಇವತ್ತಿನ ಥೀಮ್‌ನಲ್ಲಿ ಇಲ್ಲದಿರುವುದು ಬೇಸರದ ಸಂಗತಿ. ತಿದ್ದುವುದು ಸುಲಭ: ಲೈನ್-ಹೈಟ್ ಅನ್ನು 1.6ರ ಆಸುಪಾಸಿಗೆ ಏರಿಸಿದರೆ ಒತ್ತು ಉಸಿರಾಡುತ್ತದೆ.

ಇಷ್ಟೆಲ್ಲ ತೊಡಕು ಇದೆಯೆಂದರೆ ಲಿಪಿಯೇ ಜಟಿಲ ಎಂದಂತಾಗಲಿಲ್ಲವೇ ಎಂದು ಕೇಳಬಹುದು. ಲಿಪಿ ಹೆಣೆದುಕೊಂಡಿದೆ, ನಿಜ. ಆದರೆ ಆ ಹೆಣಿಗೆಯ ಕೆಲಸ ಬಹುಮಟ್ಟಿಗೆ ಬಗೆಹರಿದಿದೆ. ದ, ಹಲಂತ, ರ ಮೂರನ್ನೂ ಕೊಟ್ಟರೆ ಬ್ರೌಸರಿನೊಳಗಿನ ತಂತ್ರಾಂಶ ಫಾಂಟಿನ ಸೂಚನೆಗಳನ್ನು ಓದಿ ‘ದ್ರ’ ಎಂದು ಜೋಡಿಸುತ್ತದೆ. ಮೇಲಿನ ಯಾವ ದೋಷವೂ ಆ ಹಂತದಲ್ಲಿ ಹುಟ್ಟಿದ್ದಲ್ಲ. ಇನ್ನೊಂದು ಆಕ್ಷೇಪ ವ್ಯವಹಾರದ್ದು: ಬರಹವನ್ನು ಚಿತ್ರ ಮಾಡಿ ಹಾಕಿದರೆ ಎಲ್ಲ ಕಡೆ ಒಂದೇ ರೀತಿ ಕಾಣುತ್ತದಲ್ಲ? ಕಾಣುತ್ತದೆ, ಆದರೆ ಹುಡುಕಾಟದಲ್ಲಿ ಅಸೂಟಿ ಎಂದು ಟೈಪಿಸಿದವರಿಗೆ ಅದು ಸಿಗುವ ಭರವಸೆಯಿಲ್ಲ, ದೃಷ್ಟಿಹೀನರ ಸ್ಕ್ರೀನ್ ರೀಡರ್ ಅದನ್ನು ಬರಹದಂತೆ ಓದಲಾರದು, ಸಣ್ಣ ಮೊಬೈಲಿನಲ್ಲಿ ಹಿಗ್ಗಿಸಿದರೆ ಸಾಲುಗಳು ಪರದೆಯಾಚೆ ಹೋಗುತ್ತವೆ. ಒಂದು ಲೈನ್-ಹೈಟ್ ತಿದ್ದುವ ಶ್ರಮ ಉಳಿಸಲು ಇಷ್ಟು ಓದುಗರನ್ನು ಕಳೆದುಕೊಳ್ಳುವುದು ನನಗೆ ಒಪ್ಪಿಗೆಯಾಗದ ವ್ಯಾಪಾರ. ಹಳ್ಳಿಯ ಶಾಲೆಗೋ ಸಂಘಕ್ಕೋ ತಂತ್ರಜ್ಞರು ಎಲ್ಲಿ ಸಿಗುತ್ತಾರೆ ಎಂಬ ಮಾತಿನಲ್ಲಿ ಮಾತ್ರ ಹುರುಳಿದೆ. ಬೈಟಿನ ಕತ್ತರಿಯನ್ನು ತಿದ್ದಲು ಕೋಡ್ ಬಲ್ಲವರೇ ಬೇಕು. ಅಥವಾ ಬೇರೆ ಥೀಮ್ ಆರಿಸಬೇಕು. ಆರಿಸುವಾಗ ಉದ್ದನೆಯ, ಒತ್ತು ತುಂಬಿದ ಕನ್ನಡ ಶೀರ್ಷಿಕೆಯೊಂದನ್ನು ಹಾಕಿ ಪಟ್ಟಿಯಲ್ಲೂ ಪುಟದಲ್ಲೂ ನೋಡುವುದಕ್ಕೆ ಯಾವ ತಂತ್ರಜ್ಞರೂ ಬೇಡ.

ವಿಳಾಸದ ಲೆಕ್ಕ ಇವೆಲ್ಲಕ್ಕಿಂತ ಗುಪ್ತವಾದದ್ದು. ವರ್ಡ್‌ಪ್ರೆಸ್ ಶೀರ್ಷಿಕೆಯಿಂದ ವಿಳಾಸದ ತುಣುಕನ್ನು ತಾನೇ ಮಾಡಿಕೊಳ್ಳುವಾಗ ಶೇಕಡಾ ಚಿಹ್ನೆಯೊಂದಿಗೆ ಬಿಡಿಸಿದ 200 ಅಕ್ಷರಕ್ಕೆ ನಿಲ್ಲುತ್ತದೆ, ಮೂರು ಬೈಟಿನ ಕನ್ನಡದ ಒಂದು ಸಂಕೇತ ಅಲ್ಲಿ ಒಂಬತ್ತನ್ನು ತಿನ್ನುತ್ತದೆ. ‘ಗಜೇಂದ್ರಗಡದ ಸುತ್ತಲಿನ ಗ್ರಾಮಗಳು’ ಎಂಬ ಮೂರೇ ಪದಗಳ ಶೀರ್ಷಿಕೆ ‘ಗ್ರಾ’ ಎಂಬಲ್ಲಿಗೆ ಸರಿಯಾಗಿ 200 ಮುಟ್ಟಿ ತುಂಡಾಗುತ್ತದೆ. ಪುಟ ತೆರೆಯುತ್ತದೆ, ಹಾಗಾಗಿ ಯಾರ ಗಮನಕ್ಕೂ ಬರುವುದಿಲ್ಲ. ವಿಳಾಸದ ಚೌಕದಲ್ಲಿ ಕೈಯಾರೆ ‘ಗಜೇಂದ್ರಗಡ-ಗ್ರಾಮಗಳು’ ಎಂದು ಬರೆದರೆ 154ರಲ್ಲಿ ಮುಗಿಯುತ್ತದೆ, ಗ್ರಾಮಗಳು ಪೂರ್ತಿ ಉಳಿಯುತ್ತವೆ.