ಜಠರದಲ್ಲಿ ಬಿಗಿ, ಕರುಳಿನಲ್ಲಿ ಸಡಿಲ

2021ರ ಮೇ ತಿಂಗಳು. ಕೋವಿಡ್ ಎರಡನೇ ಅಲೆಯ ಬೆನ್ನಿಗೇ ಕಪ್ಪು ಶಿಲೀಂಧ್ರ ಬಂತು. ಸಕ್ಕರೆ ಕಾಯಿಲೆಯಿದ್ದು ಸ್ಟೆರಾಯ್ಡ್ ಪಡೆದವರನ್ನೇ ಅದು ಹೆಚ್ಚು ಕಾಡಿತು. ಬೆಂಗಳೂರಿನ ಬೌರಿಂಗ್ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ವ್ಯವಸ್ಥೆಯಾಯಿತು. ಸುದ್ದಿಯೆಲ್ಲ ಆಂಫೊಟೆರಿಸಿನ್ ಚುಚ್ಚುಮದ್ದಿನ ಕೊರತೆಯದೇ. ಆದರೆ ಚುಚ್ಚುಮದ್ದು ಮುಗಿಸಿಕೊಂಡು ಶಿರಾ ಕಡೆಯ ಹುಲಿಕುಂಟೆಯಂಥ ಊರಿಗೆ ಮರಳುವ ರೋಗಿಗೆ ಮುಂದಿನ ವಾರಗಳಲ್ಲಿ ನುಂಗುವ ಮಾತ್ರೆಯೇ ಆಸರೆ. ಅದು ಪೊಸಾಕೊನಜೋಲ್.

ಈ ಔಷಧ ನೀರಿನಲ್ಲಿ ಕರಗುವುದೇ ಇಲ್ಲವೆನ್ನಬೇಕು. ಜಠರದ ಆಮ್ಲದಲ್ಲಿ ಒಂದಿಷ್ಟು ಕರಗುತ್ತದೆ, ಸಣ್ಣ ಕರುಳಿಗಿಳಿದು ಆಮ್ಲ ತಗ್ಗಿದೊಡನೆ ಮತ್ತೆ ಗಟ್ಟಿಯಾಗುತ್ತದೆ. ರಕ್ತಕ್ಕೆ ಸೇರಬೇಕಾದ ಜಾಗವೇ ಅದು! 2006ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ದ್ರವರೂಪವನ್ನು ದಿನಕ್ಕೆ ಹಲವು ಸಲ, ಕೊಬ್ಬಿನಂಶದ ಊಟದ ಜೊತೆ ಕುಡಿಯಬೇಕಿತ್ತು. ಮುದ್ದೆ, ಸೊಪ್ಪಿನ ಸಾರಿನ ಮನೆಯಲ್ಲಿ, ಅದೂ ಕಪ್ಪು ಶಿಲೀಂಧ್ರದಿಂದ ದವಡೆಯ ಶಸ್ತ್ರಚಿಕಿತ್ಸೆಯಾದವರಿಗೆ, ಈ ಪಥ್ಯ ಹೇಳಿದಷ್ಟು ಸುಲಭವಲ್ಲ.

ಔಷಧವನ್ನು ಕರಗಗೊಡದೆ ಜಠರ ದಾಟಿಸಿ ಕರುಳಿನಲ್ಲಿ ಬಿಡುವ ಉಪಾಯ ಮಾತ್ರ ಹಳೆಯದು. 1884ರಲ್ಲಿ ಜರ್ಮನಿಯ ಚರ್ಮವೈದ್ಯ ಪೌಲ್ ಉನ್ನಾ ಗುಳಿಗೆಗೆ ಕೆರಾಟಿನ್ ಲೇಪಿಸಿದ. ಅರಗೂ ಈ ಕೆಲಸಕ್ಕೆ ಬಂತು. ಚನ್ನಪಟ್ಟಣದ ಗೊಂಬೆಗೆ ಹೊಳಪು ಕೊಡುವ, ನಮ್ಮ ಜಾಲಾರಿ ಮರದಲ್ಲಿ ಹುಳು ಕಟ್ಟುವ ಅದೇ ಅರಗು ಆಮ್ಲಕ್ಕೆ ಜಗ್ಗದು, ಕ್ಷಾರಕ್ಕೆ ಕರಗುತ್ತದೆ. 1950ರ ದಶಕದಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ ರೋಮ್ ಕಂಪನಿ ಯೂಡ್ರಾಜಿಟ್ ಎಂಬ ಪಾಲಿಮರ್ ತಂದಿತು. ಇದರ ಸರಪಳಿಯ ತುಂಬ ಆಮ್ಲಗುಂಪುಗಳು. ಪಿಎಚ್ 1ರಿಂದ 3ರ ಜಠರದಲ್ಲಿ ಅವು ತಟಸ್ಥ, ಹಾಗಾಗಿ ಸರಪಳಿ ಬಿಗಿ. ಪಿಎಚ್ 6ರ ಆಸುಪಾಸಿನ ಕರುಳಿನಲ್ಲಿ ಅವಕ್ಕೆ ಋಣ ವಿದ್ಯುದಂಶ ಬರುತ್ತದೆ, ಒಂದನ್ನೊಂದು ತಳ್ಳುತ್ತವೆ, ನೀರು ಒಳನುಗ್ಗಿ ಪಾಲಿಮರ್ ಕರಗುತ್ತದೆ.

ಇಷ್ಟೇ ಆಗಿದ್ದರೆ ಅದು ಕಾವಲುಗಾರ ಅಷ್ಟೆ. ಜಠರ ದಾಟಿದರೂ ಕರಗದ ಔಷಧ ಕರಗದ್ದೇ. 1961ರಲ್ಲಿ ಜಪಾನಿನ ಸೆಕಿಗುಚಿ ಮತ್ತು ಓಬಿ, ಕರಗದ ಔಷಧವನ್ನು ಕರಗುವ ವಸ್ತುವಿನ ಜೊತೆ ಕರಗಿಸಿ ಗಟ್ಟಿಮಾಡಿದರೆ ಅದು ಬೇಗ ಹೀರಿಕೆಯಾಗುತ್ತದೆ ಎಂದು ತೋರಿಸಿದರು. ಮುಂದೆ ಬಂದವರು ಔಷಧದ ಹರಳುಕಟ್ಟನ್ನೇ ಒಡೆದರು. ಜಾತ್ರೆಯ ಬಾಂಬೆ ಮಿಠಾಯಿಯೂ ಇದೇ ಬಗೆ: ಕಾದ ಸಕ್ಕರೆ ಹರಳಾಗಲು ಪುರುಸೊತ್ತಿಲ್ಲದಂತೆ ತಣಿದಿರುತ್ತದೆ, ಬಾಯಿಗಿಟ್ಟರೆ ಕರಗುತ್ತದೆ, ಗಾಳಿಯ ತೇವ ತಗುಲಿದರೆ ಕುಗ್ಗಿ ಗಟ್ಟಿಯಾಗುತ್ತದೆ. ಔಷಧವೂ ಹೀಗೆ ಹಳೆಯ ಹರಳಿಗೆ ಮರಳದಂತೆ ಹಿಡಿದಿಡಲು ಒಂದು ಪಾಲಿಮರ್ ಬೇಕು.

ಎರಡು ದಾರಿಗಳೂ ಕೂಡಿದ್ದು ಸೆಲ್ಯುಲೋಸ್‌ನಿಂದ ತಯಾರಾಗುವ ಹೈಪ್ರೊಮೆಲೋಸ್ ಅಸಿಟೇಟ್ ಸಕ್ಸಿನೇಟ್‌ನಲ್ಲಿ. ಪೊಸಾಕೊನಜೋಲನ್ನು ಇದರೊಂದಿಗೆ ಬಿಸಿಯಲ್ಲಿ ಬೆರೆಸಿ, ಹಿಂಡಿ ಹೊರತೆಗೆದು, ಪುಡಿಮಾಡಿ ಮಾತ್ರೆ ಕಟ್ಟುತ್ತಾರೆ. ಇಲ್ಲಿ ಲೇಪವಲ್ಲ, ಒಳಗಿನ ಕಣಕಣವೇ ಪಿಎಚ್ ನೋಡಿ ವರ್ತಿಸುತ್ತದೆ. ಕರುಳಿನಲ್ಲಿ ಬಿಡುಗಡೆಯಾದ ಔಷಧ ಕೂಡಲೇ ಹರಳುಗಟ್ಟದಂತೆ ತಡೆಯುವುದೂ ಅದೇ ಪಾಲಿಮರ್. ನನಗೆ ಅತಿ ಜಾಣತನವೆನಿಸಿದ್ದು ಇದು. 2013ರಲ್ಲಿ ಅಮೆರಿಕದಲ್ಲಿ ಈ ಮಾತ್ರೆಗೆ ಒಪ್ಪಿಗೆ ಸಿಕ್ಕಿತು. ಮೊದಲ ದಿನ 100 ಮಿಲಿಗ್ರಾಂನ ಮೂರು ಮಾತ್ರೆ ಎರಡು ಹೊತ್ತು, ಆಮೇಲೆ ದಿನಕ್ಕೊಮ್ಮೆ ಮೂರು. ಹೈದರಾಬಾದಿನ ಎಂಎಸ್‌ಎನ್ ಲ್ಯಾಬೊರೇಟರೀಸ್ 2021ರ ಮೇನಲ್ಲೇ ಇಂಥ ಮಾತ್ರೆಯನ್ನು ನಮ್ಮ ಮಾರುಕಟ್ಟೆಗೆ ಬಿಟ್ಟಿತು.

ನುಂಗಲು ಕಷ್ಟವೆಂದು ಇದನ್ನು ಮುರಿದು, ಕುಟ್ಟಿ ಗಂಜಿಗೆ ಬೆರೆಸುವಂತಿಲ್ಲ. ದ್ರವದ ಲೆಕ್ಕವೇ ಬೇರೆ, ಮಾತ್ರೆಯ ಲೆಕ್ಕವೇ ಬೇರೆ. ಮೆಡಿಕಲ್ ಸ್ಟೋರಿನಲ್ಲಿ ಒಂದಿಲ್ಲವೆಂದು ಅಷ್ಟೇ ಮಿಲಿಗ್ರಾಂ ಇನ್ನೊಂದನ್ನು ತಂದರೆ ರಕ್ತಕ್ಕೆ ಸೇರುವ ಪ್ರಮಾಣವೂ ಬೇರೆಯಾಗುತ್ತದೆ. ಬದಲಿಸುವ ಮುನ್ನ ಚೀಟಿ ಬರೆದ ವೈದ್ಯರನ್ನೇ ಕೇಳಬೇಕು.