ಎಷ್ಟು ಜನ ಹೊರಟರು, ಎಷ್ಟು ಜನ ಬಂದಿಳಿದರು

1825ರ ಅಕ್ಟೋಬರ್ 9ರಂದು ನ್ಯೂಯಾರ್ಕ್ ಬಂದರಿಗೆ ‘ರೆಸ್ಟೌರೇಶನ್’ ಎಂಬ ಪುಟ್ಟ ಹಡಗು ಬಂದು ನಿಂತಿತು. ನಾರ್ವೆಯ ಸ್ಟಾವಾಂಗರ್ ಬಿಟ್ಟು ಮೂರು ತಿಂಗಳಾಗಿತ್ತು. ಒಂಟಿ ಕೂವೆಮರದ ಈ ಬಗೆಯ ಹಾಯಿಹಡಗಿಗೆ ಸ್ಲೂಪ್ ಎನ್ನುತ್ತಾರೆ. ಅದರಲ್ಲಿ ಬಂದವರಿಗೆ ‘ಸ್ಲೂಪರ್ಸ್’ ಎಂಬ ಹೆಸರೇ ನಿಂತುಬಿಟ್ಟಿತು. ಮುಂದಿನ ನೂರು ವರ್ಷಗಳಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ನಾರ್ವೆಯವರು ಅದೇ ಕಡಲು ದಾಟಿದರು. ಹಾಗಾಗಿ ಅಮೆರಿಕದ ಎಷ್ಟೋ ಮನೆತನಗಳಿಗೆ ತಮ್ಮ ಹಿರಿಯರು ಆ ಮೊದಲ ಹಡಗಿನಲ್ಲಿದ್ದರೇ ಎಂದು ತಿಳಿಯುವ ಹಂಬಲ. ಹುಡುಕಲು ಹೊರಟವರಿಗೆ ಹೊಸ್ತಿಲಲ್ಲೇ ತೊಡಕು ಎದುರಾಗುತ್ತಿತ್ತು. ಹಡಗಿನಲ್ಲಿದ್ದವರು 46 ಎನ್ನುತ್ತದೆ ಒಂದು ಬರಹ, 52 ಎನ್ನುತ್ತದೆ ಇನ್ನೊಂದು, 53 ಎನ್ನುತ್ತದೆ ಮತ್ತೊಂದು.

46 ಎಂದದ್ದು ನ್ಯೂಯಾರ್ಕಿನ ಒಂದು ಪತ್ರಿಕೆ, ಹಡಗು ಬಂದ ಕೆಲವೇ ದಿನಗಳಲ್ಲಿ. ಕಣ್ಣೆದುರು ನಡೆದದ್ದನ್ನು ಆಗಿಂದಾಗಲೇ ಬರೆದದ್ದಕ್ಕೆ ಹೆಚ್ಚು ಬೆಲೆ ಎಂಬುದು ಚರಿತ್ರೆಕಾರರ ರೂಢಿಯ ಮಾತು. ಆ ಮಾತನ್ನು ನಂಬಿದರೆ ಏಳು ಜನರನ್ನು ಕಡಲಲ್ಲಿ ಕೈಬಿಟ್ಟಂತಾಗುತ್ತದೆ. 52ರ ಪಟ್ಟಿಯಾದರೋ ತೀರ ತಡವಾಗಿ ಬಂದದ್ದು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕನಾಗಿದ್ದ ರಾಸ್ಮಸ್ ಆಂಡರ್ಸನ್, ಹಡಗು ಬಂದ ಎಪ್ಪತ್ತು ವರ್ಷಗಳ ಮೇಲೆ, 1895ರಲ್ಲಿ ಅದನ್ನು ತನ್ನ ಪುಸ್ತಕದಲ್ಲಿ ಅಚ್ಚು ಹಾಕಿಸಿದ. ಬದುಕುಳಿದಿದ್ದ ಕೆಲವರನ್ನೂ ತೀರಿಕೊಂಡವರ ಮಕ್ಕಳನ್ನೂ ವಿಚಾರಿಸಿ, ಪತ್ರ ಬರೆದು, ಒಂದೊಂದೇ ಹೆಸರು ಕೂಡಿಸಿದ್ದ. ಮುಪ್ಪಿನ ನೆನಪಿನಿಂದ ಹೆಕ್ಕಿದ ಪಟ್ಟಿ, ಬಿಸಿಬಿಸಿ ವರದಿಯ ಮುಂದೆ ನಿಂತೀತೇ?

ನಿಂತಿತು. ಎರಡರಲ್ಲಿ ಒಂದನ್ನು ಆರಿಸುವ ಬದಲು, ಇವರು ಎಣಿಸಿದ್ದು ಯಾರನ್ನು ಎಂದು ಕೇಳಿದೊಡನೆ ಗಂಟು ಸಡಿಲಾಯಿತು. ಪತ್ರಿಕೆ ಎಣಿಸಿದ್ದು ಪ್ರಯಾಣಿಕರನ್ನು ಮಾತ್ರ. ಕಪ್ತಾನ ಲಾರ್ಸ್ ಓಲ್ಸೆನ್ ಹೆಲ್ಲಂಡ್ ಮತ್ತು ಅವನ ಕೈಕೆಳಗಿನವರು ಸೇರಿ ಏಳು ಜನ ಹಡಗಿನ ಸಿಬ್ಬಂದಿ. ಆಂಡರ್ಸನ್ ಅವರನ್ನೂ ಸೇರಿಸಿದ್ದ. 45 ಪ್ರಯಾಣಿಕರು, ಏಳು ಸಿಬ್ಬಂದಿ, ಒಟ್ಟು 52. ಸ್ಟಾವಾಂಗರ್ ಬಿಟ್ಟವರು ಇಷ್ಟು. ಸೆಪ್ಟೆಂಬರ್ 2ರಂದು ಅಟ್ಲಾಂಟಿಕ್ ನಡುವೆ, ಗುಂಪಿನ ಮುಂದಾಳು ಲಾರ್ಸ್ ಲಾರ್ಸೆನ್ ಗೈಲಾನೆಯ ಹೆಂಡತಿ ಮಾರ್ಥಾ ಹೆಣ್ಣು ಮಗುವನ್ನು ಹೆತ್ತಳು. ಅಲ್ಲಿಗೆ ಪ್ರಯಾಣಿಕರು 46, ಒಟ್ಟು 53. ಮೂರು ಲೆಕ್ಕವೂ ಸರಿ. ನಾರ್ವೆಯ ಯಾವ ಚರ್ಚಿನ ಪುಸ್ತಕದಲ್ಲೂ ಜನನ ದಾಖಲಾಗದ ಆ ಕೂಸಿಗೆ ಮಾರ್ಗರೆಟ್ ಆಲೆನ್ ಎಂದು ಇಂಗ್ಲಿಷ್ ಹೆಸರಿಟ್ಟರು. ಅವಳ ತಂದೆ ನೆಪೋಲಿಯನ್ ಕಾಲದ ಯುದ್ಧದಲ್ಲಿ ಇಂಗ್ಲೆಂಡಿನಲ್ಲಿ ಸೆರೆಯಾಳಾಗಿದ್ದಾಗ ಕ್ವೇಕರ್ ಪಂಥದವರ ಒಡನಾಟಕ್ಕೆ ಬಂದಿದ್ದವನು.

ಈ ಒಂದು ಸಂಗತಿಯಲ್ಲಿ ಪತ್ರಿಕೆ ಸರಿ ಎಂದಾದ ಮಾತ್ರಕ್ಕೆ ಅದರ ಉಳಿದ ಸಾಲುಗಳನ್ನೂ ಒಪ್ಪಿಕೊಳ್ಳುವಂತಿಲ್ಲ. ಅದೇ ವರದಿ ಹಡಗಿನ ಗಾತ್ರವನ್ನು 360 ನಾರ್ವೇಜಿಯನ್ ಲಾಸ್ಟ್, ಅಂದರೆ 45 ಅಮೆರಿಕನ್ ಟನ್ ಎಂದಿತ್ತು. ಒಂದು ಲಾಸ್ಟ್ ಎಂದರೆ ಸುಮಾರು ಎರಡು ಟನ್. 360 ಲಾಸ್ಟಿನ ಹಡಗು ದೈತ್ಯನಾಗಬೇಕಿತ್ತು. ನಾರ್ವೆಯ ಲೆಕ್ಕದಲ್ಲಿ ಅದರ ಅಳತೆ ಹದಿನೆಂಟೂವರೆ ಲಾಸ್ಟ್. ನ್ಯೂಯಾರ್ಕಿನ ಅಧಿಕಾರಿಗಳ ಲೆಕ್ಕದಲ್ಲಿ ಸುಮಾರು 39 ಟನ್. ಬೇರೆ ಮಾನ, ಬೇರೆ ದೇಶ, ಬೇರೆ ಕೈ. ಗುಣಿಸಿ ನೋಡಿದರೆ ಎರಡೂ ಹೆಚ್ಚುಕಡಿಮೆ ಒಂದೇ. ಒಬ್ಬರನ್ನು ನೋಡಿ ಇನ್ನೊಬ್ಬರು ಬರೆದುಕೊಳ್ಳದ ಎರಡು ಸಾಕ್ಷ್ಯಗಳು ಹೀಗೆ ಕೂಡಿಬಂದಾಗ ಸಿಗುವ ನೆಮ್ಮದಿ, ಒಂದೇ ಮಾತನ್ನು ಹತ್ತು ಪುಸ್ತಕಗಳು ನಕಲಿಸಿದರೂ ಸಿಗುವುದಿಲ್ಲ.

ಊರಿನ ವಿಷಯದಲ್ಲೂ ಪತ್ರಿಕೆ ದಾರಿ ತಪ್ಪಿಸುತ್ತದೆ. ಇವರೆಲ್ಲ ಒಂಟಾರಿಯೊ ಕೌಂಟಿಗೆ ಹೋಗುವವರು ಎಂದು ಅದು ಬರೆಯಿತು. ಅಲ್ಲಿನ ಕಡತಗಳಲ್ಲಿ ಇವರನ್ನು ಹುಡುಕಿದರೆ ಸಿಗುವುದಿಲ್ಲ. ನೆಲೆಸಿದ್ದು ಒಂಟಾರಿಯೊ ಸರೋವರದ ದಂಡೆಯ ಕೆಂಡಾಲ್‌ನಲ್ಲಿ, ಅದು ಇರುವುದು ಆರ್ಲಿಯನ್ಸ್ ಕೌಂಟಿಯಲ್ಲಿ. ಆ ಕೌಂಟಿ ಹುಟ್ಟಿದ್ದೇ ಹಿಂದಿನ ವರ್ಷ, 1824ರಲ್ಲಿ. ಸಾಲದ್ದಕ್ಕೆ ಕೆಂಡಾಲ್ ಆಗ ಮರ್ರಿ ಎಂಬ ಪಟ್ಟಣದ ಭಾಗವಾಗಿತ್ತು, ಬೇರೆಯಾದದ್ದು 1837ರಲ್ಲಿ. ಹಾಗಿದ್ದರೂ ಪತ್ರಿಕೆಗೆ ಒಂಟಾರಿಯೊ ಕೌಂಟಿ ಹೊಳೆದದ್ದು ಸುಮ್ಮನೆ ಅಲ್ಲ ಎಂದು ನನ್ನ ಎಣಿಕೆ. ಇವರಿಗೆ ಜಮೀನು ಮಾರಿದ ಏಜೆಂಟ್ ಜೋಸೆಫ್ ಫೆಲೋಸ್‌ನ ಕಚೇರಿ ಇದ್ದದ್ದು ಜಿನೀವಾದಲ್ಲಿ, ಜಿನೀವಾ ಇರುವುದು ಒಂಟಾರಿಯೊ ಕೌಂಟಿಯಲ್ಲಿ. ವ್ಯವಹಾರದ ವಿಳಾಸ ವಾಸದ ವಿಳಾಸವಾಗಿ ಕಿವಿಗೆ ಬಿದ್ದಿರಬೇಕು.

ನ್ಯಾಯಾಲಯದ ಕಾಗದಗಳೂ ಇವೆ. ಅಮೆರಿಕದ 1819ರ ಕಾನೂನಿನಂತೆ ಐದು ಟನ್ನಿಗೆ ಇಬ್ಬರು ಪ್ರಯಾಣಿಕರಷ್ಟೇ ಇರಬಹುದಿತ್ತು. ಮೀರಿದರೆ ತಲೆಗೆ 150 ಡಾಲರ್ ದಂಡ. ಕಪ್ತಾನನನ್ನು ಹಿಡಿದರು, ಹಡಗು ಜಪ್ತಿಯಾಯಿತು, 3,150 ಡಾಲರ್ ದಂಡ ಬಿತ್ತು. ನವೆಂಬರ್ 15ರಂದು ಅಧ್ಯಕ್ಷ ಜಾನ್ ಕ್ವಿನ್ಸಿ ಆಡಮ್ಸ್ ಕ್ಷಮಾದಾನ ಕೊಟ್ಟು ಬಿಡಿಸಿದ. 3,150ನ್ನು 150ರಿಂದ ಭಾಗಿಸಿದರೆ 21 ಬರುತ್ತದೆ. ಟನ್ನಿನ ಲೆಕ್ಕ ಹಿಡಿದರೆ ಹೆಚ್ಚುವರಿ ಜನ ಮೂವತ್ತರಷ್ಟು ಆಗಬೇಕು. ಸರಕಾರಿ ಮೊಹರು ಇದೆಯೆಂದು ಈ ದಂಡದ ಮೊತ್ತದಿಂದ ತಲೆ ಎಣಿಸಲು ಹೊರಟರೆ ಜನರೇ ಕಡಿಮೆಯಾಗುತ್ತಾರೆ. ಅದು ಆರೋಪದ ಲೆಕ್ಕ, ಹಾಜರಿಯದ್ದಲ್ಲ.

ಹೊರಟ ದಿನ ಜುಲೈ 4 ಎಂದು ಆಂಡರ್ಸನ್ ಬರೆದ. ಜುಲೈ 5 ಎನ್ನುವ ಬರಹಗಳೂ ಇವೆ. ಇಲ್ಲಿ ಬರೆದವನ ಸ್ವಭಾವವನ್ನೂ ನೋಡಬೇಕಾಗುತ್ತದೆ. ಅಮೆರಿಕವನ್ನು ಕಂಡವನು ಕೊಲಂಬಸ್ ಅಲ್ಲ, ನಮ್ಮ ನಾರ್ಸ್ ಪೂರ್ವಿಕರು ಎಂದು 1874ರಲ್ಲೇ ಪುಸ್ತಕ ಬರೆದಿದ್ದ ಅಭಿಮಾನಿ ಅವನು. ತನ್ನ ಜನ ಅಮೆರಿಕದ ಸ್ವಾತಂತ್ರ್ಯ ದಿನದಂದೇ ಅಮೆರಿಕದತ್ತ ಹೊರಟರು ಎಂಬುದು ಅವನಿಗೆ ಎಷ್ಟು ಹಿತವಾಗಿರಬೇಡ! ಹಿತವಾದದ್ದೆಲ್ಲ ಸುಳ್ಳಲ್ಲ. ಆದರೆ ಇಂಥ ದಿನಾಂಕಕ್ಕೆ ಬೇರೆ ದಿನಾಂಕಕ್ಕಿಂತ ಬಲವಾದ ಆಧಾರ ಕೇಳುವುದು ನ್ಯಾಯ. ಹಾಯಿಹಡಗು ಲಂಗರು ಎತ್ತುವುದು ಒಂದು ದಿನ, ಗಾಳಿ ಸಿಕ್ಕಿ ಬಯಲು ಕಡಲಿಗೆ ಬೀಳುವುದು ಇನ್ನೊಂದು ದಿನ ಆಗುವುದುಂಟು. ಇನ್ನೂರು ವರ್ಷ ತುಂಬಿದ ನೆನಪಿಗೆ ಪ್ರತಿಕೃತಿ ಹಡಗು 2025ರ ಜುಲೈ 4ರಂದೇ ಸ್ಟಾವಾಂಗರ್ ಬಿಟ್ಟು ಅಕ್ಟೋಬರ್ 9ಕ್ಕೆ ನ್ಯೂಯಾರ್ಕ್ ಸೇರಿತು.

ಚಿತ್ರವನ್ನೂ ಹಾಗೆಯೇ ತನಿಖೆ ಮಾಡಬೇಕು. 1925ರ ಶತಮಾನೋತ್ಸವಕ್ಕೆ ಅಮೆರಿಕದ ಅಂಚೆ ಇಲಾಖೆ ಹೊರಡಿಸಿದ ಎರಡು ಸೆಂಟಿನ ಸ್ಟಾಂಪಿನಲ್ಲಿ ಚೆಂದದ ಸ್ಲೂಪ್ ಇದೆ. ಅದು ರೆಸ್ಟೌರೇಶನ್ ಅಲ್ಲ, ಅದೇ ಬಗೆಯ ಬೇರೆ ಹಡಗು.

ಇಷ್ಟೆಲ್ಲ ಆದ ಮೇಲೆ ಒಂದು ಮನೆತನದವರಿಗೆ ಉಳಿಯುವ ನಿಜವಾದ ಕಷ್ಟ ಹೆಸರಿನದು. ಪಟ್ಟಿಯಲ್ಲಿ ಕಾರ್ನೀಲಿಯಸ್ ನೆಲ್ಸನ್ ಹೆರ್ಸ್‌ಡಾಲ್ ಇದ್ದಾನೆ, ಅವನ ತಮ್ಮನೋ ಅಣ್ಣನೋ ಆದ ನೆಲ್ಸ್ ನೆಲ್ಸನ್ ಹೆರ್ಸ್‌ಡಾಲ್ ಇದ್ದಾನೆ. ಅಮೆರಿಕದಲ್ಲಿ ಇವರ ಮಕ್ಕಳೆಲ್ಲ ನೆಲ್ಸನ್‌ಗಳಾದರು. ನಾರ್ವೆಯ ಪುಸ್ತಕಗಳಲ್ಲಿ ನೆಲ್ಸನ್ ಮನೆತನವೇ ಇಲ್ಲ. ಅಲ್ಲಿರುವ ನಿಲ್ಸನ್ ಅಂದರೆ ನಿಲ್ಸ್‌ನ ಮಗ ಅಷ್ಟೇ, ಹೆರ್ಸ್‌ಡಾಲ್ ಅವರಿದ್ದ ಜಮೀನು. ಅಪ್ಪನ ಹೆಸರೂ ಊರ ಹೆಸರೂ ಇನಿಷಿಯಲ್ ಆಗಿ ಜೊತೆಗಿರುವ ನಮಗೆ ಇದು ಹೊಸತೆನಿಸದು. ಗೇಣಿ ಬಿಟ್ಟು ಬೇರೆ ಜಮೀನಿಗೆ ಹೋದರೆ ಕೊನೆಯ ಹೆಸರೂ ಬದಲಾಗುತ್ತಿತ್ತು. ಹೆಂಡತಿ ಗಂಡನ ಹೆಸರು ತೆಗೆದುಕೊಳ್ಳುತ್ತಿರಲಿಲ್ಲ.

ಹಾಗಾಗಿ ಕಾರ್ನೀಲಿಯಸ್‌ನ ಹೆಂಡತಿ ನಾರ್ವೆಯಲ್ಲಿ ಕಾರಿ ಪೆದರ್ಸ್‌ದಾತರ್, ಪೆದರ್‌ನ ಮಗಳು. 1835ರಲ್ಲಿ ಇಲಿನಾಯ್ ರಾಜ್ಯದ ಲಸಾಲ್ ಕೌಂಟಿಯಲ್ಲಿ ಜಮೀನು ಪಡೆದವರಲ್ಲಿ ಇರುವುದು ಕ್ಯಾರಿ ನೆಲ್ಸನ್ ಎಂಬಾಕೆ. ಅಕ್ಷರಕ್ಕೆ ಅಕ್ಷರ ಹೋಲಿಸಿದರೆ ಇಬ್ಬರೂ ಒಂದೇ ಎನ್ನಲು ಏನೂ ಸಿಗದು. ಗುರುತು ಹತ್ತುವುದು ಪಕ್ಕದ ಹೆಸರಿನಿಂದ. ಆ ಜಮೀನನ್ನು ಅವಳಿಗಾಗಿ ಕೊಂಡವನು ಕ್ಲೆಂಗ್ ಪೀರ್ಸನ್, ಈ ವಲಸೆಗೆ ದಾರಿ ಹುಡುಕಲೆಂದು 1821ರಲ್ಲೇ ಅಮೆರಿಕಕ್ಕೆ ಹೋಗಿದ್ದವನು. ಪೀರ್ಸನ್ ಎಂಬುದು ಪೆದರ್ಸನ್‌ನ ಅಮೆರಿಕದ ರೂಪ. ಅವನೂ ಪೆದರ್‌ನ ಮಗ, ಕಾರಿಯ ಒಡಹುಟ್ಟಿದವನು. ಗಂಡ ಕೆಂಡಾಲ್‌ನಲ್ಲಿ ತೀರಿಕೊಂಡಿದ್ದ. ವಿಧವೆ ತಂಗಿಗೆಂದು ಅಣ್ಣ ಜಮೀನು ಹಿಡಿದಿದ್ದ.